ಫಿಲೋಮಿನಕ್ಕ ಹಚ್ಚದ ಹಾಲು

ನನ್ನ ಮಗಳನ್ನು ಎತ್ತಿ ಸಾಕಿದವರನ್ನೇ ನಾನು ಅಪಶಕುನವೆಂದು ಬಗೆದೆ. ಅದನ್ನು ಮುಚ್ಚಿಡಲು ಒಂದು ಸುಳ್ಳು ಹೇಳಿ, ಹನ್ನೊಂದು ವರ್ಷ ಅವರಿಬ್ಬರನ್ನು ದೂರ ಮಾಡಿದೆ.

ಫಿಲೋಮಿನಕ್ಕ ನನ್ನ ಗಂಡನ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರೂರು ಮಂಕಿಗೆ ಮರಳಿದ್ದರು. ರೀಟಾ ಹುಟ್ಟಿದ ಮೇಲೆ ನಾನು ತಿಂಗಳುಗಟ್ಟಲೆ ಕಾಯಿಲೆ ಬಿದ್ದು ಮಲಗಿದಾಗ ಮಗು ಬೆಳೆದದ್ದು ಅವರ ಹೆಗಲ ಮೇಲೆ.

ರೀಟಾಳ ಮದುವೆಯ ಹಿಂದಿನ ದಿನ ರೋಸ್ — ಮದುಮಗಳಿಗೆ ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ. ಬೆಳಗಿನಿಂದ ಕಾಯಿ ತುರಿದು ಹಾಲು ಹಿಂಡಿದ್ದು ಅಕ್ಕನೇ. ಅವರು ಹಾಲಿನಲ್ಲಿ ಕೈ ಅದ್ದಿ ಮುಂದೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ನಾನೇ — ನಾನೇ ಎದ್ದು ಅವರ ಕೈ ತಡೆದೆ.

"ಅಕ್ಕಾ, ನೀವು ಬೇಡ. ಗಂಡ ಇದ್ದವ್ರು ಹಚ್ಚಲಿ."

"ಆತು," ಎಂದರು. ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲಿನಿಂದ ಹೋದರು.

ಮುಖದ ಮೇಲೆ ಹಾಲು ಇಳಿಯುತ್ತಿದ್ದರಿಂದ ರೀಟಾ ಕಣ್ಣು ಮುಚ್ಚಿದ್ದಳು; ಹಾಡಿನ ಗದ್ದಲದಲ್ಲಿ ನಮ್ಮ ಮಾತು ಅವಳಿಗೆ ಕೇಳಿಸಿರಲಿಲ್ಲ. ಆಮೇಲೆ ಕೇಳಿದಳು — "ಅತ್ತೆ ಎಲ್ಲಿ?"

"ಎಂತದೋ ಸಿಟ್ಟು ಮಾಡ್ಕಂಡು ಹೋದ್ರು," ಎಂದೆ.

ಮರುದಿನ ಮದುವೆ ನಡೆದ ಇಗರ್ಜಿಗೂ ಅಕ್ಕ ಬರಲಿಲ್ಲ. ರೀಟಾ ಅತ್ತೆಯೊಂದಿಗೆ ಮಾತು ಬಿಟ್ಟಳು. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವವಳು ನಾನು. ದುಃಖಿಸುವವರನ್ನು ಯೇಸು ಧನ್ಯರೆಂದು ಕರೆದದ್ದನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿಲ್ಲ! ಈ ವರ್ಷ ಅಪ್ಪನಿಲ್ಲದ ಹುಡುಗಿಯೊಬ್ಬಳು ಕೇಳಿದಳು — "ಟೀಚರ್, ಹಂಗಾರೆ ನಮ್ಮಮ್ಮನೂ ಧನ್ಯಳಾ?"

"ಹೌದು" ಎಂದೆ. ಗಂಡ, ಮಕ್ಕಳು, ತುಂಬಿದ ಮನೆ — ಇವುಗಳನ್ನೇ ಆಶೀರ್ವಾದವೆಂದು ತಿಳಿದಿದ್ದೆನಲ್ಲ. ದೇವರು ಧನ್ಯರೆಂದವರನ್ನೇ ನಾನು ಕೈ ಹಿಡಿದು ತಡೆದಿದ್ದೆ.

ಅಂದೇ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಎಲ್ಲ ಹೇಳಿದೆ, ಆ ಸುಳ್ಳನ್ನೂ. ಅವರ ಕೈ ನಿಂತಿತು.

"ನೀ ಬೇಡ ಅಂದದ್ದು ನಾ ಆಗ್ಲೇ ಬಿಟ್ಟಾಕಿದ್ದೆ, ಲೂಸಿ. ಹುಡುಗಿ ಎಂತಕ್ಕೆ ಮಾತು ಬಿಟ್ಳು ಅಂತ ಮಾತ್ರ ಇಷ್ಟು ವರ್ಷನೂ ಗೊತ್ತಾಗ್ಲಿಲ್ಲ."

ಅಲ್ಲಿಂದಲೇ ಕುಮಟೆಯಲ್ಲಿರುವ ರೀಟಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಕೇಳಿ ಮುಗಿದದ್ದೇ ಅವಳು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಬಂದಳು. ನಾನು ಗೇಟಿನ ಬಳಿ ನಿಂತಿದ್ದೆ. ನನ್ನತ್ತ ನೋಡದೆ ನಮ್ಮ ಮನೆ ದಾಟಿ ಅತ್ತೆಯ ಮನೆಗೆ ನಡೆದಳು.

ನಾನು ಕರೆಯಲಿಲ್ಲ.