ಹಳ್ಳಕ್ಕೆ ಬಿಟ್ಟ ಬೂಟು

ಮದುವೆಗೆ ಹೆಣ್ಣು ನೋಡಲು ನನಗೆ ಹಿಡಿದದ್ದು ಒಂದು ಮಧ್ಯಾಹ್ನ. ಕೆಸರಿನಲ್ಲಿ ನಡೆಯಲು ಬೂಟು ನೋಡಲು ಹಿಡಿದದ್ದು ಮೂರು ವಾರ. ಇದನ್ನು ಹೆಂಡತಿ ಶೈಲಾಳ ಎದುರು ಹೇಳುವ ಧೈರ್ಯ ನನಗಿಲ್ಲ. ನಿಮ್ಮೆದುರು ಹೇಳಬಹುದು.

ಗಣೇಶನ ಹಬ್ಬದ ರಜೆಯಲ್ಲಿ ಖಾನಾಪುರದ ಆಚೆ, ಅಡವಿಯಂಚಿನ ಹಳ್ಳಿಯೊಂದರಲ್ಲಿ ಎರಡು ದಿನ ಇದ್ದು, ಗುಡ್ಡದ ನೆತ್ತಿಯಲ್ಲಿ ಅರಳುವ ಮಳೆಗಾಲದ ಹೂಗಳನ್ನು ನೋಡಿ ಬರೋಣ ಎಂದವಳು ಶೈಲಾ. ಅವಳ ತಯಾರಿ ಒಂದು ಕೈಚೀಲದಲ್ಲಿ ಮುಗಿಯಿತು. ನನ್ನದು ಬೂಟಿನಲ್ಲಿ ಶುರುವಾಗಿ ಬೂಟಿನಲ್ಲೇ ನಿಂತಿತು. ನಾನು ವಡಗಾವಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನದ ಮಾಸ್ತರ. ಅಷ್ಟು ವರ್ಷ ಘರ್ಷಣೆಯ ಪಾಠ ಮಾಡಿದವನು ಕೆಸರಿನಲ್ಲಿ ಜಾರಿ ಬಿದ್ದರೆ ಅದು ನನಗಷ್ಟೇ ಅಲ್ಲ, ಪಾಠಕ್ಕೇ ಅವಮಾನ. ಫೋನಿನಲ್ಲಿ ಯಾರು ಯಾರೋ ಗುಡ್ಡ ಹತ್ತುವ ವಿಡಿಯೋ ನೋಡಿದೆ. ತಳದ ಹಲ್ಲುಗಳು ಎಷ್ಟು ಆಳ ಇರಬೇಕು, ಹಿಮ್ಮಡಿಯ ಮೇಲೆ ಎಷ್ಟು ಎತ್ತರ ಹಿಡಿಯಬೇಕು, ಲೇಸಿಗೆ ಎರಡು ಗಂಟು ಹೇಗೆ ಹಾಕಬೇಕು, ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡೆ.

ಖಡೇಬಜಾರಿನ ನಾಲ್ಕನೆಯ ಅಂಗಡಿಯಲ್ಲಿ ನಾನು ಬೂಟನ್ನು ಬಗ್ಗಿಸಿ, ತಿರುವಿ, ಮೂಸಿ ನೋಡುವುದನ್ನು ಕಂಡು ಅಂಗಡಿಯವರು ಕೇಳಿದರು: "ಎಲ್ಲಿಗಿ ಹೊಂಟೀರಿ ಸರ, ಹಿಮಾಲಯಕ್ಕೇನ್ರಿ?"

"ಖಾನಾಪುರಕ್ಕ."

ಅವರು ಸಭ್ಯರು. ನಗಲಿಲ್ಲ. ಬಿಲ್ಲು ಬರೆಯುವಾಗ ಮಾತ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ನಮ್ಮ ಕಡೆ ಚಪ್ಪಲಿಗೆ ಕಾಲ್ಮರಿ ಎನ್ನುತ್ತಾರೆ. ಎಂಥ ಅಕ್ಕರೆಯ ಮಾತು! ಕಾಲಿನ ಹಿಂದೆ ಹಿಂದೆ ಓಡಾಡುವ ಮರಿ. ಆ ಮರಿಯನ್ನು ಹೊಸ್ತಿಲ ಹೊರಗೇ ಬಿಡುತ್ತೇವೆ, ಕಳೆದುಹೋದರೆ ಪೀಡೆ ಹೋಯಿತೆನ್ನುತ್ತೇವೆ, ಯಾರ ಮೇಲಾದರೂ ಸಿಟ್ಟು ಬಂದರೆ ಅದನ್ನೇ ಕೈಗೆತ್ತಿಕೊಳ್ಳುತ್ತೇವೆ, ಅದು ಬೇರೆ ವಿಷಯ. ನಾನು ಕೊಂಡದ್ದು ಮರಿಯಲ್ಲ, ಬೆಳೆದ ಕೋಣ. ಒಂದೊಂದೂ ಮುಕ್ಕಾಲು ಕಿಲೋ. ನೀರು ಒಳಗೆ ಬರುವುದೇ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಶೈಲಾ ಖಾನಾಪುರದ ಪೇಟೆಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ, ಗದ್ದೆಯವರು ಹಾಕಿಕೊಳ್ಳುವ ಕಪ್ಪು ಪ್ಲಾಸ್ಟಿಕ್ ಬೂಟು ಕೊಂಡಳು. ಐದು ನಿಮಿಷ. ಅದರ ತಳದ ಬಗ್ಗೆ ಹಳ್ಳಿ ಮುಟ್ಟುವ ತನಕ ನಾನು ಉಪನ್ಯಾಸ ಕೊಟ್ಟೆ. ಅವಳು ಕಿಟಕಿಯ ಹೊರಗೆ ನೋಡಿದಳು.

ನಮ್ಮನ್ನು ಗುಡ್ಡಕ್ಕೆ ಕರೆದೊಯ್ಯಬೇಕಾದವಳು ಜಾನಾಬಾಯಿ. ಆ ಹಳ್ಳಿಯ ಗೌಳಿಗರ ಮನೆಯ ಹೆಂಗಸು, ಐವತ್ತರ ಆಸುಪಾಸು. ಅವಳ ಎಮ್ಮೆಗಳು ಮೇಯುವುದೇ ಆ ಗುಡ್ಡದಲ್ಲಿ. ಶೈಲಾಳ ಬೂಟನ್ನು ಕಂಡವಳೇ ಇಸಿದುಕೊಂಡು, ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಸಳಿಯಿಂದ ಪಕ್ಕಗಳಿಗೆ ತೂತು ಹಾಕಿದಳು. ಅವಳ ಬೂಟಿಗೂ ಹಾಗೇ ತೂತುಗಳಿದ್ದವು. ಆಮೇಲೆ ನನ್ನ ಬೂಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು: "ಮಾಸ್ತರ, ಇದರಾಗ ನೀರ ಹೊಕ್ಕರ ಹೊರಗ ಎಲ್ಲಿಂದ ಹೋಗತೈತ್ರಿ?"

"ನೀರು ಒಳಗ ಬರಂಗೇ ಇಲ್ಲ, ಮಾವಶಿ."

"ಹೌದ?" ಎಂದಳು. ಸಳಿಯನ್ನು ಒಲೆಯ ಪಕ್ಕಕ್ಕೆ ಇಟ್ಟಳು.

ಹತ್ತುವಾಗ ನನ್ನ ಬೂಟು ನಿಜಕ್ಕೂ ಚೆನ್ನಾಗಿ ನಡೆದುಕೊಂಡಿತು, ಅನ್ಯಾಯ ಹೇಳಬಾರದು. ಕೆಂಪು ಕೆಸರು, ಪಾಚಿಗಟ್ಟಿದ ಕಲ್ಲು, ಎಲ್ಲೂ ಜಾರಲಿಲ್ಲ. ದಾರಿಯಲ್ಲಿ ಒಂದು ಹಳ್ಳ. ಹಿಮ್ಮಡಿ ಮುಳುಗುವಷ್ಟು ನೀರು, ಹಾರಿ ದಾಟಿದೆವು. ನೆತ್ತಿಯ ಬಯಲಿನಲ್ಲಿ ನೇರಳೆ ಹೂಗಳು ಕಾಲಿಡಲು ಜಾಗವಿಲ್ಲದಂತೆ ಹಬ್ಬಿದ್ದವು. ಶೈಲಾ ಮಂಡಿಯೂರಿ ಕೂತುಬಿಟ್ಟಳು. ನಾನು ಹೂಗಳ ನಡುವೆ ನನ್ನ ಬೂಟಿನ ಫೋಟೋ ತೆಗೆಯುತ್ತಿದ್ದೆ.

ಜಾನಾಬಾಯಿ ಪಶ್ಚಿಮದ ಕಡೆ ನೋಡುತ್ತ ನಿಂತಿದ್ದಳು. "ಮ್ಯಾಲಿನ ಕಡೆ ಮಳಿ ಜೋರ ಹತ್ತೈತ್ರಿ. ಹಳ್ಳ ಏರತೈತಿ. ಲಗೂ ನಡೀರಿ."

ನಾನು ಹತ್ತು ನಿಮಿಷ ಸಮಯ ಕೇಳಿದೆ. ಇಳಿಯುವಾಗ ಲೇಸು ಇನ್ನಷ್ಟು ಬಿಗಿ ಇರಬೇಕೆಂದು ವಿಡಿಯೋದವನು ಹೇಳಿದ್ದ. ಪೂರ್ತಿ ಬಿಚ್ಚಿ, ಕೆಳಗಿನಿಂದ ಎಳೆದು, ಎರಡೆರಡು ಗಂಟು ಹಾಕಿದೆ. ಆ ಹತ್ತು ನಿಮಿಷ ನನ್ನದು. ಅದನ್ನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಹಳ್ಳ ಮುಟ್ಟಿದಾಗ ಅದು ಬೆಳಿಗ್ಗೆಯ ಹಳ್ಳವಾಗಿರಲಿಲ್ಲ. ಕೆಂಪಗೆ, ಸದ್ದು ಮಾಡುತ್ತ, ಮೊಣಕಾಲುದ್ದ ಹರಿಯುತ್ತಿತ್ತು. "ಈಗ ದಾಟೂಣು, ಇನ್ನೊಂದು ತಾಸಿಗೆ ಆಗಂಗಿಲ್ಲ" ಎಂದ ಜಾನಾಬಾಯಿ ಶೈಲಾಳ ಮಣಿಕಟ್ಟು ಹಿಡಿದು ಇಳಿದಳು. ಅವರ ಬೂಟಿನಲ್ಲಿ ನೀರು ಹೊಕ್ಕಿತು, ತೂತುಗಳಿಂದ ಹೊರಟೂ ಹೋಯಿತು. ಇಬ್ಬರೂ ದಡ ಸೇರಿದರು. ದಡದಲ್ಲಿ ಬಿದ್ದಿದ್ದ ಕೋಲೊಂದನ್ನು ಊರಿಕೊಂಡು ನಾನು ಇಳಿದೆ. ಬೂಟಿನ ಮೇಲಂಚಿನಿಂದ ನೀರು ತುಂಬಿ ಅಲ್ಲೇ ನಿಂತಿತು. ಕಾಲು ಎತ್ತಿದರೆ ಒಂದು ಕೊಡ ಎತ್ತಿದಂತೆ. ನಡುಹಳ್ಳದಲ್ಲಿ ಬಲಗಾಲು ಎರಡು ಬಂಡೆಗಳ ಸಂದಿಗೆ ಜಾರಿ, ಬೂಟು ಸಮೇತ ಸಿಕ್ಕಿಕೊಂಡಿತು.

ಎಳೆದೆ. ಬರಲಿಲ್ಲ. ತಿರುವಿದೆ. ಆಳವಾದ ಆ ಹಲ್ಲುಗಳು ಕಲ್ಲನ್ನು ಕಚ್ಚಿ ಹಿಡಿದಿದ್ದವು. ಬಗ್ಗಿ ಲೇಸು ಬಿಚ್ಚೋಣವೆಂದರೆ ನೀರು ಗಲ್ಲಕ್ಕೆ ಬಡಿಯಿತು. ನೆನೆದ ಗಂಟು ಹುಣಸೆಬೀಜದಷ್ಟು ಗಟ್ಟಿಯಾಗಿತ್ತು, ಉಗುರು ಇಳಿಯಲಿಲ್ಲ. ನೀರು ತೊಡೆಗೆ ಬಂತು. ಮೇಲಿನಿಂದ ತೇಲಿಬಂದ ಕೊಂಬೆಯೊಂದು ಕೋಲನ್ನು ಕಿತ್ತುಕೊಂಡು ಹೋಯಿತು. ದಡದಲ್ಲಿ ಶೈಲಾ, "ರೀ!" ಎಂದಳು. ಅಷ್ಟೇ. ಆ ಸ್ವರ ನಾನು ಅದುವರೆಗೆ ಕೇಳಿರಲಿಲ್ಲ. ಅವಳು ನೀರಿಗೆ ಇಳಿಯುತ್ತಿದ್ದಳು.

"ಅಕ್ಕಾ, ನೀವು ಅಲ್ಲೇ ನಿಂದರ್ರಿ!" ಎಂದು ಜಾನಾಬಾಯಿ ಗದರಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲು ಕೈಯಲ್ಲಿ ಹಿಡಿದು ತಾನೇ ಬಂದಳು. ನನ್ನ ಪಕ್ಕ ಮಂಡಿಯೂರಿದಾಗ ಅವಳ ಕುತ್ತಿಗೆಯ ತನಕ ನೀರು. "ಕಾಲ ಅಲಗಾಡಿಸಬ್ಯಾಡ್ರಿ. ನನ್ನ ಹೆಗಲ ಹಿಡೀರಿ." ಅವಳಿಗೂ ಏನೂ ಕಾಣುತ್ತಿರಲಿಲ್ಲ. ನೀರಿನೊಳಗೆ ಅವಳ ಬೆರಳುಗಳು ಬೂಟಿನ ಮೇಲೆ ಹರಿದಾಡುವುದು ಗೊತ್ತಾಗುತ್ತಿತ್ತು. ಅಲಗು ಒಮ್ಮೆ, ಎರಡು ಸಲ, ಮೂರನೆಯ ಸಲ ಎಳೆಯಿತು. ಲೇಸು ತುಂಡಾಗಿ ಬಿಗಿತ ಸಡಿಲಿತು. "ಹಾಂ, ಈಗ ಎಳೀರಿ!" ನನ್ನ ಕಾಲು ಬಂತು. ಬೂಟು ಅಲ್ಲೇ ಉಳಿಯಿತು.

ದಡದಲ್ಲಿ ಕೂತಾಗ ನನ್ನ ಪಾದದ ತುಂಬ ರಕ್ತ. ಒರೆಸಿ ನೋಡಿದರೆ ಗಾಯವಿಲ್ಲ. ರಕ್ತ ಜಾನಾಬಾಯಿಯದು. ಎಡಗೈಯ ಎರಡು ಬೆರಳು ಸೀಳಿದ್ದವು.

"ಇದೇನ್ ಮಾವಶಿ!"

"ಕಾಲ ಎಲ್ಲಿ, ದೋರಿ ಎಲ್ಲಿ, ಕಾಣೂದಿಲ್ಲಲ್ಲ್ರಿ. ನಡುವ ಬೆರಳ ಇಟ್ಟಿದ್ದೆ. ನಿಮಗ ಹತ್ತಬಾರದಲ್ಲ."

ಶೈಲಾ ತನ್ನ ಓಢಣಿ ಹರಿದು ಆ ಬೆರಳುಗಳಿಗೆ ಬಿಗಿಯಾಗಿ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ.

ಉಳಿದ ಬೂಟನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಇಳಿದೆ. ಶೈಲಾ ಮುಂದೆ. ಸ್ವಲ್ಪ ದೂರ ಹೋದ ಮೇಲೆ ತಿರುಗದೆಯೇ, "ಇಲ್ಲೆ ಮುಳ್ಳೈತಿ. ಬಾಜೂಕ ಇಡ್ರಿ" ಎಂದಳು. ಇಟ್ಟೆ. "ಕಲ್ಲು ಸಡ್ಲ ಐತಿ." ಬಿಟ್ಟೆ. ಹಳ್ಳಿ ಬರುವ ತನಕ ಅವಳು ಹೇಳಿದಲ್ಲೆಲ್ಲ ಕಾಲಿಡುತ್ತ ಬಂದೆ. ಖಾನಾಪುರದ ದವಾಖಾನೆಯಲ್ಲಿ ಜಾನಾಬಾಯಿಯ ಬೆರಳಿಗೆ ಹೊಲಿಗೆ ಹಾಕಿದರು. ಮರುದಿನ ಬೆಳಿಗ್ಗೆ ಅವಳು ಬಲಗೈಯಲ್ಲೇ ಎಮ್ಮೆ ಹೊಡೆದುಕೊಂಡು ಹೋಗುವುದನ್ನು ನೋಡಿ ನಾವು ಬಸ್ಸು ಹತ್ತಿದೆವು.

ಊರಿಗೆ ಬಂದ ಮೇಲೆ ನನ್ನ ತಂಗಿ ಮನೆಗೆ ಬಂದಿದ್ದಳು. "ಹೆಂಗಿತ್ತು ವೈನಿ ನಿಮ್ಮ ಟ್ರಿಪ್ಪು?" ಎಂದು ಅತ್ತಿಗೆಯನ್ನು ಕೇಳಿದಳು. ನಾನು ತಟ್ಟೆಯ ಮೇಲೆ ತಲೆ ತಗ್ಗಿಸಿ, ಬರಬೇಕಾದದ್ದು ಬರಲಿ ಎಂದು ಕಾದೆ.

"ಹೂವು ಬಾಳ ಚಂದ ಇದ್ದುವು," ಎಂದಳು ಶೈಲಾ. ಇನ್ನೊಂದು ಸೌಟು ಸಾರು ನನಗೆ ಬಡಿಸಿದಳು.

ಇವತ್ತಿನ ತನಕ ಅವಳು ಯಾರಿಗೂ ಹೇಳಿಲ್ಲ. ಹೇಳಿದ್ದರೆ ಇದನ್ನು ನಾನು ಬರೆಯಬೇಕಾಗಿರಲಿಲ್ಲ.