ಮೋಸ್ತಾರಿನ ಮಾತು

ಚಂದ್ರಶೇಖರರಿಗೆ ಜಗಳವಾಡಲು ಜನವಿಲ್ಲದೆ ಎರಡು ವರ್ಷವಾಗಿತ್ತು. ಹೆಂಡತಿ ಅಹಲ್ಯಾ ಬದುಕಿದ್ದಾಗ ದಿನಕ್ಕೊಂದಾದರೂ ಆಗುತ್ತಿತ್ತು. ಅದೂ ಕನ್ನಡದಲ್ಲಲ್ಲ, ಯುಗೊಸ್ಲಾವಿಯಾದ ಭಾಷೆಯಲ್ಲಿ.

ಆ ದೇಶ ಇನ್ನೂ ಒಂದಾಗಿದ್ದಾಗ ಅವರು ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಹಲ್ಯಾ ತರಕಾರಿ ಕೊಳ್ಳುತ್ತಲೇ ಅಲ್ಲಿಯ ಮಾತು ಕಲಿತು ಗಂಡನಿಗೂ ಕಲಿಸಿದಳು. ಒಂದು ರಜೆಯಲ್ಲಿ ಮೋಸ್ತಾರ್ ಎಂಬ ಊರಿಗೆ ಹೋಗಿ, ನೆರೆತ್ವಾ ನದಿಯ ಹಳೆಯ ಕಲ್ಲುಸೇತುವೆಯ ಬುಡದಲ್ಲಿ ಕೂತು ಇಬ್ಬರೂ ಪುಳಿಯೋಗರೆ ತಿಂದಿದ್ದರು. ದೆಹಲಿಗೆ ಮರಳಿ ಆರ್.ಕೆ.ಪುರಂನ ಪುಟ್ಟ ಕ್ವಾರ್ಟರ್ಸ್ ಸೇರಿದ ಮೇಲೆ ಆ ಭಾಷೆ ನಿಜವಾಗಿ ಕೆಲಸಕ್ಕೆ ಬಂತು. ಏಕೆಂದರೆ ಚಂದ್ರಶೇಖರರ ತಾಯಿ ಸೀತಮ್ಮನವರ ಕಿವಿ ಬಲು ಚುರುಕು.

“ಅದೇನ್ರೋ ಗುಸುಗುಸು? ನನ್ನ ವಿಷ್ಯಾನೇ ತಾನೆ?” ಎಂದು ಅವರು ಕೇಳುತ್ತಿದ್ದರು. ಅವರ ವಿಷಯವೇ.

ಮುಂದೆ ಆ ದೇಶ ಒಡೆದು ನಡೆದ ಯುದ್ಧದಲ್ಲಿ ಮೋಸ್ತಾರಿನ ಸೇತುವೆ ಬಿದ್ದದ್ದನ್ನು ಟೀವಿಯಲ್ಲಿ ನೋಡಿ ಅಹಲ್ಯಾ ಅತ್ತುಬಿಟ್ಟಳು. ಆಮೇಲೆ ಸೀತಮ್ಮ ತೀರಿಕೊಂಡರು, ಮಯೂರ್ ವಿಹಾರದಲ್ಲಿ ಸ್ವಂತ ಫ್ಲಾಟಾಯಿತು. ಮುಚ್ಚಿಡುವಂಥದ್ದು ಏನೂ ಉಳಿಯದಿದ್ದರೂ ಗಂಡ ಹೆಂಡತಿ ಆ ಮಾತು ಬಿಡಲಿಲ್ಲ. ಈಗ ಚಂದ್ರಶೇಖರರು ಅದನ್ನು ಆಡಬೇಕಾದರೆ ಫ್ರಿಜ್ಜಿನ ಜೊತೆ ಆಡಬೇಕು.

ಹಾಗಿರುವಾಗ ಪಕ್ಕದ ಮನೆಯ ಅದಿತಿ, “ಅಂಕಲ್, ಹೌಜ್ ಖಾಸ್‌ನಲ್ಲಿ ನಮ್ಮ ಕಾಲೇಜಿಗೆ ಮೋಸ್ತಾರ್‌ನಿಂದ ಒಬ್ರು ಪ್ರೊಫೆಸರ್ ಬರ್ತಿದಾರೆ. ಆ ಬ್ರಿಜ್ ಮತ್ತೆ ಹೇಗೆ ಕಟ್ಟಿದ್ರು ಅಂತ ಲೆಕ್ಚರ್. ಬರ್ತೀರಾ?” ಎಂದಳು. ಅವರು ಇಸ್ತ್ರಿಯ ಅಂಗಿ ತೊಟ್ಟು ಅವಳೊಡನೆ ಮೆಟ್ರೊ ಹತ್ತಿದರು. ಸೇತುವೆ ಬರೀ ನೆಪ. ಸಾಯುವುದರೊಳಗೆ ಒಂದು ಸಲ ಆ ಮಾತಿಗೆ ಎದುರುಮಾತು ಕೇಳಬೇಕಿತ್ತು, ಅಷ್ಟೇ.

ಭಾಷಣ ಮುಗಿದದ್ದೇ ತಡ, ಆ ಪ್ರೊಫೆಸರಮ್ಮನ ಮುಂದೆ ಹೋಗಿ ನಿಂತರು. ಪುಳಿಯೋಗರೆ, ನದಿಯ ಹಸಿರು, ಅಹಲ್ಯಾ ಅತ್ತದ್ದು, ಅಹಲ್ಯಾ ಹೋದದ್ದು, ಎಲ್ಲವನ್ನೂ ಆ ಭಾಷೆಯಲ್ಲೇ ಒಂದೇ ಉಸಿರಿಗೆ ಹೇಳಿದರು. ಎಷ್ಟು ಹಾಯೆನಿಸಿತು!

ಆಕೆ ಗಮನವಿಟ್ಟು ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, “ಕೇಳೋಕೆ ಚೆನ್ನಾಗಿದೆ. ಇದು ಇಂಡಿಯಾದ ಯಾವ ಭಾಷೆ?” ಎಂದರು.

ಚಂದ್ರಶೇಖರ ಪೆಚ್ಚಾದರು. ಇಷ್ಟು ವರ್ಷ ಇಬ್ಬರೇ ಆಡಿ ಆಡಿ, ಕನ್ನಡ ಬೆರೆಸಿ, ಹಿಂದಿ ಸುರಿದು, ಉಳಿದದ್ದನ್ನು ನುಂಗಿ, ಅದನ್ನು ಎಲ್ಲಿಯದೂ ಅಲ್ಲದ ಹಾಗೆ ಮಾಡಿಬಿಟ್ಟಿದ್ದರು. ತಪ್ಪು ಎಂದು ಹೇಳುವವರು ಯಾರಿದ್ದರು?

“ನಮ್ಮ ಮನೇದು ಮೇಡಂ,” ಎಂದರು, ಇಂಗ್ಲಿಷಿನಲ್ಲೇ.

“ಹೌದಾ? ಮನೇಲಿ ಎಷ್ಟು ಜನ ಆಡ್ತೀರಿ?”

“ಇಬ್ಬರು,” ಎಂದರು ಚಂದ್ರಶೇಖರ.