ಕಾಗದ ಓದುವ ವಕೀಲರು ಬೇಕಾಗಿದ್ದರು

ನನ್ನ ತಂಗಿಯ ಗಂಡ ಮುನಿರಾಜು ಟೊಮೆಟೊ ಟೆಂಪೋ ಓಡಿಸುತ್ತಿದ್ದ. ಒಂದು ದಿನ ಮುರುಗಮಲ್ಲದ ಹತ್ತಿರ ಯಾರೋ ಕೈ ಅಡ್ಡ ಹಾಕಿದರೆಂದು ಹತ್ತಿಸಿಕೊಂಡ. ಮುಂದೆ ಪೊಲೀಸರು ಗಾಡಿ ನಿಲ್ಲಿಸಿದಾಗ ಆ ಮನುಷ್ಯ ಇಳಿದು ಓಡಿಹೋದ. ಅವನು ಬಿಟ್ಟ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿ, ಮುನಿರಾಜು ಜೈಲು ಸೇರಿದ.

ವಕೀಲರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಚಿಂತಾಮಣಿಯಲ್ಲಿ ಮೊದಲು ಸಿಕ್ಕವರು ಜಮೀನು ಕೇಸಿನವರು. ಎಫ್‌ಐಆರ್ ಕೊಟ್ಟರೆ ಮಡಚಿ ಪಕ್ಕಕ್ಕಿಟ್ಟು, "ಎಷ್ಟು ವರ್ಷದಿಂದ ಸೇದ್ತಾನಪ್ಪ?" ಅಂದರು.

"ಬೀಡೀನೂ ಸೇದಲ್ಲ ಸಾರ್."

"ಎಲ್ರೂ ಹಂಗೇ ಹೇಳೋದು."

ಎರಡನೆಯವರು, "ತಪ್ಪು ಒಪ್ಕೊಂಡ್‌ಬಿಡ್ಲಿ, ಬೇಗ ಮುಗಿಯುತ್ತೆ" ಅಂದರು. ಅವರೂ ಕಾಗದ ಓದಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮನೆಯಲ್ಲಿ ತಂಗಿ ಊಟ ಬಿಟ್ಟು ಕೂತಿದ್ದಳು.

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿ ಸಿಕ್ಕ ವಕೀಲರೊಬ್ಬರು ಹೆಂಗಸು. ಪಂಚನಾಮೆಯನ್ನು ಎರಡು ಸಲ ಓದಿ, "ಬ್ಯಾಗಲ್ಲಿ ಬಟ್ಟೆನೂ ಇತ್ತಾ?" ಅಂತ ಕೇಳಿದರು.

"ಇತ್ತಮ್ಮ."

"ನೋಡಿ, ಬ್ಯಾಗು, ಪ್ಯಾಂಟು, ಶರ್ಟು ಎಲ್ಲ ಸೇರಿಸಿ ತೂಗಿದ್ದಾರೆ. ಇಂಥ ಕೇಸಲ್ಲಿ ತೂಕದ ಮೇಲೇ ಶಿಕ್ಷೆ. ಬ್ಯಾಗು ಇವ್ರದಲ್ಲ, ಒಳಗೇನಿದೆ ಅಂತ ಗೊತ್ತಿರ್ಲಿಲ್ಲ ಅಂತಾನೂ ಹೇಳಣ."

"ಇದನ್ನ ಇಷ್ಟು ದಿನ ಯಾರೂ ಹೇಳ್ಲಿಲ್ವಲ್ಲಮ್ಮ!"

"ಓದಿದ್ರೆ ತಾನೇ ಹೇಳೋದು."

ಜಾಮೀನು ಸಿಕ್ಕಿತು. ವರ್ಷಗಟ್ಟಲೆ ಅಲೆದ ಮೇಲೆ ಕೇಸೂ ಬಿದ್ದುಹೋಯಿತು. ಮುನಿರಾಜು ಮತ್ತೆ ಟೆಂಪೋ ಹತ್ತಿದ. ಅವನಿಗಾಗಿ ಅಷ್ಟು ಅಲೆದ ನಾನು ಒಂದು ದಿನ ಪಕ್ಕದಲ್ಲಿ ಕೂರಲು ಹೋದರೆ, "ಬಾವಾ, ಚೀಲದಲ್ಲಿ ಏನೈತೆ, ತೆಗೆದು ತೋರ್ಸು" ಅಂದ. ಮೈಸೂರುಪಾಕಿನ ಡಬ್ಬಿಯನ್ನೂ ಬಿಚ್ಚಿಸಿದ.